ಗೋಡೆಯ ಈಚೆ ಉಳಿದವರು

ಕೊಡಗಿನಿಂದ ಸೆರೆಯಾಳಾಗಿ ಹೋದವರ ಮಕ್ಕಳಲ್ಲಿ ಚರಿತ್ರೆ ಹೆಸರು ಹಿಡಿದು ನೆನಪಿಟ್ಟುಕೊಂಡಿರುವುದು ಹೆಚ್ಚೂಕಡಿಮೆ ಒಬ್ಬಳನ್ನು ಮಾತ್ರ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಸಾಗಿಸಿತು. ಅಲ್ಲಿ, ಕಂಪನಿಯ ಕಣ್ಗಾವಲಿನ ಮನೆಯಲ್ಲಿ, 1841ರಲ್ಲಿ ಗೌರಮ್ಮ ಹುಟ್ಟಿದಳು. 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದಳು. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿ ತನ್ನ ಹೆಸರನ್ನಿಟ್ಟಳು. 1864ರಲ್ಲಿ, ತೀರ ಎಳೆಯ ವಯಸ್ಸಿನಲ್ಲೇ ಗೌರಮ್ಮ ತೀರಿಕೊಂಡಳು. ಅಪ್ಪನ ಊರನ್ನು ಅವಳು ಕಣ್ಣಾರೆ ಕಂಡಿದ್ದೇ ಇಲ್ಲ. ಅಪ್ಪ ಮಾಡಿದ್ದಕ್ಕೋ, ಅಪ್ಪನ ಮೇಲೆ ಹೊರಿಸಿದ್ದಕ್ಕೋ ಮಗಳ ನೆಲ, ನುಡಿ, ದೇವರು ಎಲ್ಲವೂ ಬದಲಾದವು. ಅವಳ ತಪ್ಪು ಏನೆಂದು ಕೇಳಿದವರಿಲ್ಲ. ರಾಜನ ಮಗಳಾದ್ದರಿಂದ ಅವಳ ಕಥೆ ಕಾದಂಬರಿಗೂ ಚರಿತ್ರೆಗೂ ಸಿಕ್ಕಿತು. ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಮಗಳಾಗಿದ್ದರೆ ಅವಳ ಹೆಸರು ಯಾವ ಪುಸ್ತಕಕ್ಕೂ ಬರುತ್ತಿರಲಿಲ್ಲ. ನೂರ ಅರವತ್ತು ವರ್ಷ ಕಳೆದರೂ ಜೈಲಿಗೆ ಹೋದವರ ಮಕ್ಕಳ ವಿಷಯದಲ್ಲಿ ಈ ಮಾತು ಹಾಗೇ ಇದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ದೇಶದ ಜೈಲುಗಳ ಬಗ್ಗೆ ಅಂಕಿಅಂಶಗಳ ಪುಸ್ತಕ ಹೊರತರುತ್ತದೆ. 2022ರ ಪುಸ್ತಕದ ಪ್ರಕಾರ ಆ ವರ್ಷದ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಅವರ ಮೇಲಿನ ಆರೋಪವನ್ನು ಯಾವ ನ್ಯಾಯಾಲಯವೂ ಇನ್ನೂ ಎತ್ತಿಹಿಡಿದಿರಲಿಲ್ಲ. ಕೈದಿಗಳ ವಯಸ್ಸು, ಓದು, ಜಾತಿ, ಧರ್ಮ, ಊಟದ ಖರ್ಚು ಎಲ್ಲವೂ ಆ ಪುಸ್ತಕದಲ್ಲಿ ಇವೆ. ಮಕ್ಕಳ ಲೆಕ್ಕವೂ ಒಂದಿದೆ: ಜೈಲಿನೊಳಗೆ 1,537 ತಾಯಂದಿರ ಜೊತೆ 1,764 ಮಕ್ಕಳು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು, ಅದಕ್ಕೆ ಅಂಗನವಾಡಿ, ಆಹಾರ, ಆಟ ಎಲ್ಲ ಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಹೇಳಿದ ಮೇಲೆ ಆ ಮಕ್ಕಳ ಮೇಲೆ ಒಂದಿಷ್ಟಾದರೂ ಕಣ್ಣು ಬಿತ್ತು. ಆದರೆ ಗೋಡೆಯ ಈಚೆ ಉಳಿದ ಮಕ್ಕಳು ಎಷ್ಟು? ಐದೂಮುಕ್ಕಾಲು ಲಕ್ಷ ಕೈದಿಗಳ ಮನೆಗಳಲ್ಲಿ ಲಕ್ಷಗಟ್ಟಲೆ ಇರಲೇಬೇಕು. ಆ ಪುಸ್ತಕದಲ್ಲಿ ಅವರಿಗೆ ಒಂದು ಕಾಲಂ ಇಲ್ಲ. ಮಗು ಒಳಗಿದ್ದರೆ ಸರ್ಕಾರದ ಲೆಕ್ಕಕ್ಕೆ ಸಿಗುತ್ತದೆ, ಹೊರಗಿದ್ದರೆ ಸಿಗುವುದಿಲ್ಲ.

ಕೈದಿಯ ಮನೆಯವರು ಯಾವ ಇಲಾಖೆಯವರೂ ಅಲ್ಲ ಎಂಬುದು ಇಲ್ಲಿನ ಮೂಲ ತೊಡಕು. ಕಾರಾಗೃಹ ಇಲಾಖೆಯ ಜವಾಬ್ದಾರಿ ಗೇಟಿನ ಒಳಗೆ ಮುಗಿಯುತ್ತದೆ. ಪೊಲೀಸರದ್ದು ಚಾರ್ಜ್‌ಶೀಟಿಗೆ ಮುಗಿಯುತ್ತದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಆ ಪ್ರಕರಣದಲ್ಲಿ ಆರೋಪಿ ಕಕ್ಷಿದಾರ, ಅವನ ಹೆಂಡತಿ ಅಲ್ಲ. ಮಹಿಳೆಯರಿಗಾಗಿ ಸಖಿ ಕೇಂದ್ರವಿದೆ, ಆದರೆ ಅದು ದೌರ್ಜನ್ಯಕ್ಕೆ ಒಳಗಾದವರಿಗೆ. ಮಕ್ಕಳ ರಕ್ಷಣಾ ಘಟಕಕ್ಕೆ ಯಾರಾದರೂ ಹೋಗಿ ಹೇಳಿದರೆ ಮಾತ್ರ ಮಗು ಇದೆಯೆಂದು ಗೊತ್ತು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದರೂ ಒಂದು ಮನೆ ನಡುವೆ ಜಾರಿ ಬೀಳಬಹುದು. ಹಾಗಾಗಿ ಇಂಥ ಮನೆಗಳಿಗೆಂದು ಒಂದು ಸಮುದಾಯ ಕೇಂದ್ರ ಬೇಕು ಎಂಬ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕೊಡಗಿನಂಥ ಜಿಲ್ಲೆಯಲ್ಲಿ ಅದು ಮಡಿಕೇರಿಯಲ್ಲಿ ಏಳುವ ದೊಡ್ಡ ಕಟ್ಟಡ ಆಗಬಾರದು. ಈಗಾಗಲೇ ಇರುವ ಕಾನೂನು ನೆರವಿನ ಕೋಣೆಯನ್ನು ಮನೆಯವರಿಗೂ ತೆರೆದು, ಅದನ್ನೇ ಜಿಲ್ಲೆಯ ದಕ್ಷಿಣಕ್ಕೂ ಉತ್ತರಕ್ಕೂ ಒಯ್ಯಬೇಕು. ಕೆಲಸ ಗೊತ್ತಿರುವ ಒಬ್ಬರನ್ನು ಅಲ್ಲಿ ಕೂರಿಸಬೇಕು. ಇದಕ್ಕೆ ಕಾರಣಗಳೆಲ್ಲ ಈ ನೆಲದ ಬದುಕಿನಲ್ಲೇ ಇವೆ.

ಕಾಫಿ ತೋಟದ ಲೈನ್ ಮನೆಯಿಂದಲೇ ನೋಡೋಣ. ಎಸ್ಟೇಟು ಕೂಲಿಯವರಿಗೆ ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಸಣ್ಣ ತೋಟಗಳಲ್ಲಿ ಕಾಯ್ದೆಗಿಂತ ರೂಢಿಯೇ ದೊಡ್ಡದು. ಎರಡು ಕಡೆಯೂ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಮಾಡುವ ಕೈ ಇದ್ದರೆ ಸೂರು ಉಂಟು. ಗಂಡ ಜೈಲಿಗೆ ಹೋದರೆ ಆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಕೇಸಿನದ್ದಲ್ಲ. ಅವನ ಜಾಗಕ್ಕೆ ಯಾರು ಕೆಲಸಕ್ಕೆ ಇಳಿಯುತ್ತಾರೆ ಎಂಬುದು. ಹೆಂಡತಿ ಮೊದಲೇ ಕೆಲಸದಲ್ಲಿರುತ್ತಾಳೆ, ಹಾಗಾಗಿ ಕಣ್ಣು ಬೀಳುವುದು ಎಂಟನೆಯದೋ ಒಂಬತ್ತನೆಯದೋ ಓದುತ್ತಿರುವ ದೊಡ್ಡ ಮಗುವಿನ ಮೇಲೆ. ಗಂಡ ತೆಗೆದುಕೊಂಡ ಅಡ್ವಾನ್ಸು ತೀರಿರುವುದಿಲ್ಲ, ಅದು ಹೆಂಡತಿಯ ಲೆಕ್ಕಕ್ಕೆ ಬರುತ್ತದೆ. ಜೀತ ಪದ್ಧತಿಯನ್ನು ಕಾನೂನು 1976ರಲ್ಲೇ ರದ್ದು ಮಾಡಿದೆ, ನಿಜ. ಆದರೆ ಮುಂಗಡದ ಹಣಕ್ಕೂ ಸೂರಿಗೂ ಇರುವ ಗಂಟನ್ನು ಅದು ಪೂರ್ತಿ ಬಿಚ್ಚಲಿಲ್ಲ. ಇಲ್ಲಿನ ಗಿರಿಜನರಾದ ಯರವರು, ಜೇನುಕುರುಬರು, ಬೆಟ್ಟಕುರುಬರು ಈ ಮಾತನ್ನು ಯಾರಿಂದಲೂ ಕಲಿಯಬೇಕಿಲ್ಲ. ಸ್ವಂತ ಸೂರು ಇಲ್ಲದಿರುವುದು ಎಂದರೇನು ಎಂದು 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ನೂರಾರು ಕುಟುಂಬಗಳು ರಾಜ್ಯಕ್ಕೆಲ್ಲ ತೋರಿಸಿದವು. ಅವರಲ್ಲಿ ಬಹಳಷ್ಟು ಜನ ಲೈನ್ ಮನೆ ಬಿಟ್ಟು ಬಂದವರೇ ಆಗಿದ್ದರು.

ಸೂರಿನ ನಂತರ ಜಾಮೀನು. ಬಡವನ ಪಾಲಿಗೆ ಜೈಲಿನ ಬಾಗಿಲು ತೆರೆಯುವುದು ನ್ಯಾಯಾಧೀಶರ ಆದೇಶದಿಂದ ಮಾತ್ರ ಅಲ್ಲ, ಜಾಮೀನುದಾರನ ಪಹಣಿಯಿಂದಲೂ ಹೌದು. ಕೊಡಗಿನಲ್ಲಿ ಈ ಪಹಣಿ ಎಂಬ ಕಾಗದ ಎರಡು ಕಡೆಯಿಂದ ಸತಾಯಿಸುತ್ತದೆ. ಗಿರಿಜನರ ಹಾಡಿಯಲ್ಲಿ, ಲೈನ್‌ನಲ್ಲಿ ಇರುವವರಿಗೆ ಪಹಣಿ ಇಲ್ಲವೇ ಇಲ್ಲ. ಅವರ ನೆಂಟರಿಷ್ಟರಿಗೂ ಇಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಮನೆಗಳಲ್ಲಿ ಪಹಣಿ ಇದೆ, ಆದರೆ ಅದರಲ್ಲಿ ಪಟ್ಟೇದಾರನ ಹೆಸರಿನ ಸುತ್ತ ಇಡೀ ಒಕ್ಕದ, ಅಂದರೆ ಮನೆತನದ, ಹೆಸರುಗಳು ಹೆಣೆದುಕೊಂಡಿರುತ್ತವೆ. ಒಬ್ಬನೇ ಹೋಗಿ ಇದು ನನ್ನದು ಎಂದು ಕೋರ್ಟಿನ ಮುಂದೆ ಇಡುವುದು ಸುಲಭವಲ್ಲ. ಈ ಸಂಕಟ ಸುಪ್ರೀಂ ಕೋರ್ಟಿಗೆ ತಿಳಿಯದ್ದೇನೂ ಅಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿ ಆಸ್ತಿ ಇದ್ದ ಅವನ ಸಹೋದರನ ಜಾಮೀನನ್ನು ತಳ್ಳಿಹಾಕಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಂಡಿಸಿದ್ದರು. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ, ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದವರ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ಕೊಡುವ ಯೋಜನೆ ತಂದಿತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ, ಮರಣದಂಡನೆ ಇಲ್ಲವೇ ಜೀವಾವಧಿಯ ಪ್ರಕರಣವಲ್ಲದಿದ್ದರೆ, ಬಿಡುಗಡೆಗೆ ಅರ್ಹ. ಕಾಗದದಲ್ಲಿ ಎಷ್ಟೊಂದು ಬಾಗಿಲುಗಳು! ಆದರೆ ಮಾಲ್ದಾರೆಯ ತೋಟದ ಹೆಂಗಸಿಗೆ ಇವುಗಳಲ್ಲಿ ಒಂದನ್ನಾದರೂ ಹೇಳುವವರು ಬೇಕಲ್ಲ. ಹೇಳುವವರಿಲ್ಲದ ಕಡೆ ದಲ್ಲಾಳಿ ಹುಟ್ಟುತ್ತಾನೆ.

ಇನ್ನು ದಾರಿ. ಮಡಿಕೇರಿಯ ಜೈಲು ಹಿಂದೆ ಕೋಟೆಯೊಳಗಿತ್ತು, ಈಗ ಊರಾಚೆಯ ಕರ್ಣಂಗೇರಿಯಲ್ಲಿದೆ. ಕುಟ್ಟದಿಂದ ಮಡಿಕೇರಿಗೆ ಎಂಬತ್ತು ಕಿಲೋಮೀಟರಿನಷ್ಟು. ಶಿಕ್ಷೆಯಾಗಿ ಮೈಸೂರು ಕೇಂದ್ರ ಕಾರಾಗೃಹಕ್ಕೆ ಹೋದರೆ ಮಡಿಕೇರಿಯಿಂದಲೇ ಇನ್ನೂ 120 ಕಿಲೋಮೀಟರ್. ಈ ಜಿಲ್ಲೆಯಲ್ಲಿ ರೈಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಅದು ಜೈಲಿನ ಮುಲಾಖತ್ತಿಗೂ ಉಪಕಾರ ಮಾಡೀತು ಎಂದು ಬಹುಶಃ ಯಾರೂ ಯೋಚಿಸಿರಲಿಲ್ಲ, ಆದರೆ ಮಾಡಿತು. ಸರ್ಕಾರಿ ಬಸ್ಸು ಇರುವ ದಾರಿಯಲ್ಲಿ ತಾಯಿ, ಹೆಂಡತಿ, ಅಕ್ಕ ದುಡ್ಡಿಲ್ಲದೆ ಹೋಗಿ ಬರಬಹುದು. ಕೊಡಗಿನ ಒಳದಾರಿಗಳಲ್ಲಿ ಮಾತ್ರ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ಟಿನದ್ದಕ್ಕಿಂತ ದೊಡ್ಡ ಖರ್ಚು ಒಂದು ದಿನದ ಕೂಲಿ. ಅದೂ ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ದಿನ ಹೋದರೆ ಮಳೆಗಾಲಕ್ಕೆಂದು ಇಟ್ಟುಕೊಳ್ಳಬೇಕಾದ ಹಣವೇ ಹೋದಂತೆ. ಸಂಜೆಯ ಬಸ್ಸಿನಿಂದ ಇಳಿದು ಲೈನ್ ತನಕ ನಡೆಯುವ ತೋಟದ ದಾರಿಯಲ್ಲಿ ಆನೆ ನಿಂತಿದೆಯೋ ಇಲ್ಲವೋ ಎಂಬುದು ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ತಮಾಷೆಯ ಮಾತಲ್ಲ. ಅಸ್ಸಾಮಿನಿಂದ ಕೊಯ್ಲಿಗೆ ಬಂದು ಕೇಸಿಗೆ ಸಿಕ್ಕಿದವನ ಮನೆಯವರಂತೂ ಬರುವ ಮಾತೇ ಇಲ್ಲ.

ಈ ದೂರಕ್ಕೆ ಒಂದು ಪರಿಹಾರ ಈಗಾಗಲೇ ಇದೆ. ಇ-ಮುಲಾಖತ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ವಿಡಿಯೊ ಮೂಲಕ ಕೈದಿಯ ಮುಖ ನೋಡಿ ಮಾತಾಡಬಹುದು. ಅದಕ್ಕೆ ಸ್ಮಾರ್ಟ್‌ಫೋನು, ನೆಟ್‌ವರ್ಕು, ಗುರುತಿನ ಚೀಟಿ, ಅರ್ಜಿ ತುಂಬುವ ಓದು ಬೇಕು. ಈ ನಾಲ್ಕೂ ಒಂದೇ ಕಡೆ ಸಿಗುವ ಜಾಗ ಹಾಡಿಯ ಗುಡಿಸಲಲ್ಲ, ಪಂಚಾಯಿತಿಯ ಅರಿವು ಕೇಂದ್ರ. ಹಳೆಯ ಗ್ರಂಥಾಲಯಕ್ಕೆ ಕಂಪ್ಯೂಟರು ಕೊಟ್ಟು ಹೊಸ ಹೆಸರಿಟ್ಟ ಈ ಕೋಣೆಗಳಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಒಂದು ಕಂಪ್ಯೂಟರು ಬಿಟ್ಟುಕೊಟ್ಟರೆ ಎಂಬತ್ತು ಕಿಲೋಮೀಟರು ಎರಡು ಕಿಲೋಮೀಟರಾಗುತ್ತದೆ. ಕೇಂದ್ರದ ವಿಸ್ತರಣೆ ಎಂದು ನಾನು ಕರೆಯುವುದು ಇದನ್ನು. ಮಡಿಕೇರಿಯಲ್ಲಿ ಎರಡನೇ ಮಹಡಿ ಹಾಕಿದರೆ ಕುಟ್ಟದವರಿಗೆ ಒಂದು ಹೆಜ್ಜೆಯೂ ಹತ್ತಿರವಾಗುವುದಿಲ್ಲ.

ಮನೆಯ ಆದಾಯದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ: ಜೈಲಿನಲ್ಲಿ ಈಗ ಒಳ್ಳೆಯ ಕೂಲಿ ಕೊಡುತ್ತಾರಂತಲ್ಲ, ಮನೆಗೆ ಕಳಿಸಬಹುದಲ್ಲ ಎಂದು. ಕರ್ನಾಟಕ ಕೈದಿಗಳ ಕೂಲಿಯನ್ನು ಕೆಲವು ವರ್ಷಗಳ ಹಿಂದೆ ಗಣನೀಯವಾಗಿ ಏರಿಸಿತು, ಸರಿಯೇ. ಆದರೆ ಅದು ದುಡಿಯುವ ಸಜಾಬಂದಿಗಳಿಗೆ. ವಿಚಾರಣಾಧೀನನಿಗೆ ಕೆಲಸದ ಕಡ್ಡಾಯವೂ ಇಲ್ಲ, ಸಂಬಳವೂ ಇಲ್ಲ. ಹೀಗಾಗಿ ವಿಚಿತ್ರವಾದ ಒಂದು ಸ್ಥಿತಿ ಏರ್ಪಟ್ಟಿದೆ: ಅಪರಾಧ ಸಾಬೀತಾದವನ ಮನೆಗೆ ಅಷ್ಟಿಷ್ಟು ಹಣ ಬರಬಹುದು, ಸಾಬೀತಾಗದವನ ಮನೆಗೆ ಏನೂ ಬರುವುದಿಲ್ಲ. ಆ ಮನೆಗೆ ಅತಿ ಕೆಟ್ಟ ಕಾಲ ಬಂಧನವಾದ ಮೊದಲ ಕೆಲವು ತಿಂಗಳು. ವಕೀಲರ ಹಣ, ಓಡಾಟ, ಸಾಲ ಎಲ್ಲ ಅದೇ ಹೊತ್ತಿಗೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಇದ್ದರೆ ಅದೇ ಆಧಾರ. ಪಡಿತರ ಚೀಟಿಯಲ್ಲಿ ಹೆಸರು ಸರಿಯಿಲ್ಲದಿದ್ದರೆ ಅದೂ ಇಲ್ಲ.

ಮಕ್ಕಳಿಗಾಗಿಯೇ ಇರುವ ಒಂದು ಹಣದ ದಾರಿಯನ್ನು ನಾವು ಬಳಸುತ್ತಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮನೆಯಲ್ಲೇ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000, ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಬಾಲನ್ಯಾಯ ಕಾಯ್ದೆಯ 45ನೇ ಕಲಂ ಯಾರಿಗೆ ಕೊಡಬೇಕೆಂದು ಹೇಳುವಾಗ ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟವಳ ಮಕ್ಕಳು, ನೆಂಟರ ಮನೆಯಲ್ಲಿರುವ ಅನಾಥರು, ಮಾರಕ ಕಾಯಿಲೆಯವರ ಮಕ್ಕಳು, ಅಪಘಾತದಿಂದ ಕೈಲಾಗದವರ ಮಕ್ಕಳು ಎಂದೆಲ್ಲ ಎಣಿಸುತ್ತದೆ. ಜೈಲು ಎಂಬ ಮಾತು ಅಲ್ಲಿಲ್ಲ. ಇದನ್ನೇ ಹಿಡಿದು ಅರ್ಜಿ ತಿರಸ್ಕರಿಸುವುದು ತಪ್ಪು ಓದು. ಕಾಯ್ದೆ ಇವು 'ಸೇರಿರಬೇಕು' ಎನ್ನುತ್ತದೆಯೇ ಹೊರತು ಇಷ್ಟೇ ಎನ್ನುವುದಿಲ್ಲ. ಪೋಷಕ ನೋಡಿಕೊಳ್ಳಲು ಆಗದ ಮಗುವನ್ನು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಎಂದು ಮಕ್ಕಳ ಕಲ್ಯಾಣ ಸಮಿತಿ ಗುರುತಿಸಬಹುದು. ದೆಹಲಿ ಸರ್ಕಾರ 2014ರಲ್ಲೇ ಜೈಲಿನಲ್ಲಿರುವವರ ಮಕ್ಕಳಿಗೆಂದು ಪ್ರತ್ಯೇಕ ಯೋಜನೆ ಮಾಡಿತು. ಮಾಕುಟ್ಟದ ಘಟ್ಟ ಇಳಿದರೆ ಸಿಗುವ ಕೇರಳದಲ್ಲೂ ಕೈದಿಗಳ ಮಕ್ಕಳ ಓದಿಗೆ ಸಹಾಯಧನ ಇದೆ. ಗಡಿಯ ಆಚೆಯ ಇರಿಟ್ಟಿಯ ಮಗುವಿಗೆ ಹೆಸರು ಹಿಡಿದು ಕೊಡುವ ಯೋಜನೆ ಇರುವಾಗ, ಈಚೆಯ ವಿರಾಜಪೇಟೆಯ ಮಗು ಕಲಂಗಳ ಸಂದಿಯಲ್ಲಿ ದಾರಿ ಹುಡುಕಬೇಕು.

ಇಷ್ಟೆಲ್ಲ ಮಾಡಿದರೆ ಏನು ಸಿಗುತ್ತದೆ ಎಂದು ಕೇಳುವ ಹಕ್ಕು ಓದುಗರಿಗೆ ಇದೆ. ಮನೆಯವರು ಬಂದು ನೋಡಿದ ಕೈದಿಗಳು ಮತ್ತೆ ಅಪರಾಧಕ್ಕೆ ಇಳಿಯುವುದು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಭೇಟಿ ಕಂಡವರಲ್ಲಿ ಮತ್ತೆ ಶಿಕ್ಷೆಗೆ ಗುರಿಯಾಗುವ ಸಾಧ್ಯತೆ ಶೇಕಡಾ 13ರಷ್ಟು ಕಡಿಮೆ ಇತ್ತು. ಬ್ರಿಟನ್ನಿನಲ್ಲಿ 2017ರಲ್ಲಿ ಲಾರ್ಡ್ ಫಾರ್ಮರ್ ಕೊಟ್ಟ ವರದಿ ಇದೇ ಮಾತನ್ನು ಇನ್ನೂ ದೊಡ್ಡ ಅಂಕಿಯಲ್ಲಿ ಹೇಳಿತು. ಇಲ್ಲೊಂದು ಅನುಮಾನ ಸಹಜ: ಒಳ್ಳೆಯ ಮನೆ ಇರುವವನನ್ನೇ ನೋಡಲು ಜನ ಬರುತ್ತಾರೆ, ಅಂಥವನು ಹೇಗೂ ಸುಧಾರಿಸುತ್ತಿದ್ದ, ಭೇಟಿಯ ಮಹಿಮೆ ಏನು ಬಂತು? ಈ ಅನುಮಾನವನ್ನು ಪೂರ್ತಿ ತಳ್ಳಿಹಾಕಲು ಆಗದು. ಆದ್ದರಿಂದ ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಮಕ್ಕಳ ಕುರಿತ ಇನ್ನೊಂದು ಹೋಲಿಕೆ. ಜೋಸೆಫ್ ಮರ್ರೆ ಮತ್ತು ಸಂಗಡಿಗರು 2007ರಲ್ಲಿ ಲಂಡನ್ನಿನ 411 ಹುಡುಗರನ್ನೂ ಸ್ಟಾಕ್‌ಹೋಮಿನಲ್ಲಿ 1953ರಲ್ಲಿ ಹುಟ್ಟಿದ 15,117 ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಕಡೆ, ಅಪ್ಪನೋ ಅಮ್ಮನೋ ಜೈಲಿಗೆ ಹೋದ ಮಕ್ಕಳು ಮುಂದೆ ಕಾನೂನಿನ ಜೊತೆ ತಿಕ್ಕಾಟಕ್ಕೆ ಬೀಳುವುದು ಹೆಚ್ಚೇ ಇತ್ತು. ಆದರೆ ಪೋಷಕರ ಅಪರಾಧದ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದು ಬೇರ್ಪಡಿಸಿದಾಗ ಸ್ವೀಡನ್ನಿನಲ್ಲಿ ಜೈಲಿನದೇ ಆದ ಪರಿಣಾಮ ಇಲ್ಲವಾಯಿತು, ಇಂಗ್ಲೆಂಡಿನಲ್ಲಿ ಉಳಿಯಿತು. ಸ್ವೀಡನ್ನಿನ ಕಿರಿದಾದ ಶಿಕ್ಷೆಗಳು, ಮನೆಯವರಿಗೆ ಅನುಕೂಲವಾದ ಜೈಲು ನಿಯಮಗಳು, ಬಲವಾದ ಸಾಮಾಜಿಕ ಭದ್ರತೆ, ಜನರ ಕನಿಕರ ಇವು ಕಾರಣ ಇರಬಹುದು ಎಂದು ಸಂಶೋಧಕರು ಊಹಿಸಿದರು. ಸ್ವೀಡನ್ ಕೊಡಗಲ್ಲ, ಊಹೆ ಪುರಾವೆಯಲ್ಲ. ಆದರೂ ಒಂದು ಮಾತು ಇದರಿಂದ ನಿಲ್ಲುತ್ತದೆ: ಕಳ್ಳನ ಮಗ ಕಳ್ಳನಾಗುವುದು ರಕ್ತದ ಗುಣವಲ್ಲ. ಸುತ್ತಲಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಅದು ಬಹಳ ಮಟ್ಟಿಗೆ ನಿಂತಿದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಅತಿ ಗಟ್ಟಿಯಾದದ್ದೂ ಹೌದು: ಸತ್ತವನ ಮನೆಯವರು ಕಣ್ಣೀರಿಡುತ್ತಿರುವಾಗ ಕೊಂದವನ ಮನೆಗೆ ಕೇಂದ್ರವೇ? ಸಂತ್ರಸ್ತರಿಗೆ ಸಲ್ಲಬೇಕಾದ್ದು ಮೊದಲು ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾನೂನೂ ಅದನ್ನು ಒಪ್ಪಿದೆ. ಪರಿಹಾರ ಯೋಜನೆಯನ್ನು ನಡೆಸುವುದು ಅದೇ ಕಾನೂನು ಸೇವಾ ಪ್ರಾಧಿಕಾರ, ಕೈದಿಯ ಕೂಲಿಯಲ್ಲಿ ಒಂದು ಪಾಲನ್ನು ಸಂತ್ರಸ್ತರಿಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಆದರೆ ಒಬ್ಬರಿಗೆ ಕೊಡದಿರುವುದರಿಂದ ಇನ್ನೊಬ್ಬರಿಗೆ ಸಿಕ್ಕಿಬಿಡುವುದಿಲ್ಲ. ಅಲ್ಲದೆ ಕೊಡಗಿನಲ್ಲಿ ಈ ಎರಡು ಮನೆಗಳನ್ನು ಅಷ್ಟು ಸುಲಭವಾಗಿ ಬೇರೆ ಮಾಡಲೂ ಆಗುವುದಿಲ್ಲ. ಗದ್ದೆಯ ಬದುವಿಗೋ ತೋಟದ ಪಾಲಿಗೋ ಶುರುವಾದ ಜಗಳ ಬೆಳೆದು ಅಣ್ಣ ತಮ್ಮಂದಿರ ನಡುವೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ನಡುವೆ ರಕ್ತ ಬಿದ್ದರೆ, ಹೋದವನೂ ಒಳಗೆ ಹೋದವನೂ ಒಂದೇ ಒಕ್ಕದವರು, ಒಂದೇ ಐನ್‌ಮನೆಯಲ್ಲಿ ಪೂರ್ವಜರಾದ ಕಾರಣೋರಿಗೆ ಎಡೆ ಇಡುವವರು. ಲೈನ್‌ನಲ್ಲಿ ಕುಡಿತದ ಜಗಳದಲ್ಲಿ ಹೆಂಡತಿ ಸತ್ತು ಗಂಡ ಜೈಲಿಗೆ ಹೋದರೆ, ಉಳಿದ ಮಗು ಸಂತ್ರಸ್ತಳ ಮಗುವೋ ಆರೋಪಿಯ ಮಗುವೋ? ಅಜ್ಜಿಯ ಮಡಿಲಿಗೆ ಬಿದ್ದ ಆ ಮಗುವಿಗೆ ಈ ಪ್ರಶ್ನೆಯೇ ಅರ್ಥವಿಲ್ಲದ್ದು.

ಎರಡನೆಯ ಆಕ್ಷೇಪವನ್ನು ಕೇಂದ್ರದ ಪರ ಇರುವವರೇ ಎತ್ತಬೇಕು, ಸಾಮಾನ್ಯವಾಗಿ ಎತ್ತುವುದಿಲ್ಲ. ಎಲ್ಲ ಮನೆಯೂ ಕೈದಿಯ ದಾರಿ ಕಾಯುತ್ತಿರುವುದಿಲ್ಲ. ಹೊಡೆತ ತಿಂದು ತಿಂದು ಸಾಕಾದ ಹೆಂಡತಿಗೆ ಅವನು ಒಳಗಿರುವ ಕಾಲವೇ ಮೊದಲ ನೆಮ್ಮದಿಯ ಕಾಲ ಇರಬಹುದು. ಪೋಕ್ಸೊ ಪ್ರಕರಣದಲ್ಲಿ ಮನೆಯ ಗಂಡಸೇ ಆರೋಪಿಯಾದರೆ, ಮಗುವನ್ನು ಭೇಟಿಗೆ ಕರೆದೊಯ್ಯುವುದು ಕ್ರೌರ್ಯ; ಸಾಕ್ಷಿಯ ಮೇಲೆ ಒತ್ತಡ ತಂದಂತೆಯೂ ಆದೀತು. ಕುಟುಂಬ ಬಾಂಧವ್ಯದ ಹೆಸರಿನಲ್ಲಿ ರಾಜಿ ಪಂಚಾಯಿತಿಕೆ ನಡೆಸುವ ಚಟ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಈ ಕೇಂದ್ರ ಕೈದಿಯ ಪರವಾಗಿ ಮನೆಯವರನ್ನು ಒಲಿಸುವ ಕಚೇರಿ ಆಗಕೂಡದು. ಅದು ಮನೆಯವರ ಪರ. ನೋಡಲು ಹೋಗುತ್ತೇನೆ ಎನ್ನುವವಳಿಗೆ ಬಸ್ಸಿನ ಹೊತ್ತು ಹೇಳಬೇಕು. ಇನ್ನು ಅವನ ಮುಖ ನೋಡುವುದಿಲ್ಲ ಎನ್ನುವವಳಿಗೆ ಜೀವನಾಂಶದ, ರಕ್ಷಣಾ ಆದೇಶದ ಅರ್ಜಿ ಬರೆದುಕೊಡಬೇಕು. ಅವಳು ಕಾನೂನು ಸೇವಾ ಕಾಯ್ದೆಯ ಪ್ರಕಾರ, ಮಹಿಳೆ ಎಂಬ ಒಂದೇ ಕಾರಣಕ್ಕೆ, ಉಚಿತ ನೆರವಿಗೆ ಅರ್ಹಳು. ಅವನಿಗೂ, ಬಂಧನದಲ್ಲಿರುವವನಾದ್ದರಿಂದ, ಅದೇ ಕಾಯ್ದೆಯಲ್ಲಿ ಅರ್ಹತೆ ಇದೆ. ಇಬ್ಬರ ಕಾಗದವನ್ನೂ ಒಬ್ಬರೇ ನೋಡಬಾರದು ಎಂಬಷ್ಟು ಎಚ್ಚರ ಮೊದಲ ದಿನದಿಂದ ಇರಬೇಕು.

ಮಕ್ಕಳನ್ನು ಹಾಸ್ಟೆಲಿಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಗಿರಿಜನ ಆಶ್ರಮ ಶಾಲೆ ಇದೆ, ಬಾಲಮಂದಿರ ಇದೆ. ಬೆಂಗಳೂರಿನಲ್ಲಿ ಸೊಕೇರ್ ಇಂಡ್ ಎಂಬ ಸಂಸ್ಥೆ 1999ರಿಂದ ಕೈದಿಗಳ ಮಕ್ಕಳಿಗೆ ವಸತಿ ಮತ್ತು ಓದು ಕೊಡುತ್ತಾ ಬಂದಿದೆ. ಜೀವಾವಧಿ ಶಿಕ್ಷೆಯಾದವರ ಮಕ್ಕಳಿಗೆ, ಮನೆಯಲ್ಲಿ ಯಾರೂ ಉಳಿಯದವರಿಗೆ ಅಂಥ ಜಾಗ ಬೇಕೇ ಬೇಕು. ಆದರೆ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅಪ್ಪನನ್ನು ಒಂದು ಗೋಡೆಯ ಒಳಗೆ, ಮಗುವನ್ನು ಇನ್ನೊಂದು ಗೋಡೆಯ ಒಳಗೆ ಇಟ್ಟು ಅಮ್ಮನನ್ನು ಒಬ್ಬಳೇ ಬಿಡುವುದಕ್ಕಿಂತ, ಅಮ್ಮನ ಕೈಗೆ ತಿಂಗಳಿಗೆ ನಾಲ್ಕು ಸಾವಿರ ಕೊಡುವುದು ಅಗ್ಗವೂ ಹೌದು, ಮನುಷ್ಯತ್ವವೂ ಹೌದು.

ಕಳಂಕದ ಪ್ರಶ್ನೆ ಇದಕ್ಕಿಂತ ನಾಜೂಕಾದದ್ದು. 'ಕೈದಿಗಳ ಕುಟುಂಬ ಕಲ್ಯಾಣ ಕೇಂದ್ರ' ಎಂದು ಬೋರ್ಡು ಹಾಕಿದ ಕಟ್ಟಡದ ಮೆಟ್ಟಿಲನ್ನು ಗೋಣಿಕೊಪ್ಪದ ಸಂತೆಯ ದಿನ ಯಾರು ಹತ್ತುತ್ತಾರೆ? ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಿಲ್ಲೆ ಇದು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519, ರಾಜ್ಯದಲ್ಲೇ ಅತಿ ಕಡಿಮೆ. ಆದರೆ ಜೈಲಿಗೆ ಹೋದ ಮನೆ ಎಂಬುದು ಎಂದೂ ಕಳಂಕವೇ ಆಗಿತ್ತು ಎಂದಲ್ಲ. ಪಂದ್ಯಂಡ ಬೆಳ್ಯಪ್ಪ, ಚೆಪ್ಪುಡೀರ ಪೂಣಚ್ಚ ಬ್ರಿಟಿಷರ ಜೈಲು ಕಂಡವರು. ಪೂಣಚ್ಚ ಮುಂದೆ ಕೂರ್ಗ್ ರಾಜ್ಯದ ಮುಖ್ಯಮಂತ್ರಿಯೇ ಆದರು. 1837ರಲ್ಲಿ ಮಡಿಕೇರಿಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಇಂದು ಪ್ರತಿಮೆ ಇದೆ. ಬ್ರಿಟಿಷರ ವಿರುದ್ಧ ಹೋರಾಡಿದವರನ್ನೂ ಇಂದಿನ ಕೈದಿಗಳನ್ನೂ ಸಮ ಮಾಡುತ್ತಿಲ್ಲ. ನಾಚಿಕೆಯನ್ನು ಹಂಚುವುದು ಜೈಲಲ್ಲ, ಊರು ಎಂದಷ್ಟೇ ಹೇಳುತ್ತಿದ್ದೇನೆ. ಊರು ಮನಸ್ಸು ಬದಲಿಸುವ ತನಕ ಕಾಯಲಾಗದು. ಆದ್ದರಿಂದ ಬೋರ್ಡೇ ಬೇಡ. ಪಹಣಿ, ಪಿಂಚಣಿ, ಪಡಿತರ ಚೀಟಿ, ಕಾನೂನು ಸಲಹೆ ಎಲ್ಲಕ್ಕೂ ಜನ ಬರುವ ಕೋಣೆಯಲ್ಲಿ ಇದೂ ಒಂದು ಕೆಲಸವಾಗಿರಲಿ. ಅಲ್ಲಿಗೆ ಬಂದವಳು ಯಾವುದಕ್ಕೆ ಬಂದಳು ಎಂದು ನೋಡಿದವರಿಗೆ ತಿಳಿಯಬೇಕಿಲ್ಲ.

ಹಣ ಎಲ್ಲಿದೆ ಎಂಬುದು ಕೊನೆಯ ಪ್ರಶ್ನೆ, ಅಷ್ಟೇನೂ ಕಷ್ಟದ್ದಲ್ಲ. ಊರಿಗೊಂದು ಸಮುದಾಯ ಭವನ ಶಾಸಕರ, ಸಂಸದರ ನಿಧಿಯಲ್ಲಿ ಎದ್ದಿದೆ. ಮದುವೆಯ ತಿಂಗಳು ಕಳೆದರೆ ಬೀಗ ಬಿದ್ದಿರುತ್ತದೆ. ಕಟ್ಟಡದ ಕೊರತೆ ಈ ಜಿಲ್ಲೆಗೆ ಇಲ್ಲ. ಬೇಕಾದ್ದು ಮೂರು ಮೇಜು: ಮಡಿಕೇರಿಯ ನ್ಯಾಯಾಲಯದ ಸಂಕೀರ್ಣದಲ್ಲಿ ಒಂದು, ದಕ್ಷಿಣಕ್ಕೆ ಗೋಣಿಕೊಪ್ಪ ಇಲ್ಲವೇ ಪೊನ್ನಂಪೇಟೆಯಲ್ಲಿ ಒಂದು, ಉತ್ತರಕ್ಕೆ ಕುಶಾಲನಗರದಲ್ಲಿ ಒಂದು. ಒಂದೊಂದರಲ್ಲೂ ತರಬೇತಿ ಪಡೆದ ಅರೆಕಾನೂನು ಸ್ವಯಂಸೇವಕರೊಬ್ಬರು, ಸಾಧ್ಯವಾದರೆ ಯರವ ಭಾಷೆಯೋ ಕುರುಬ ಭಾಷೆಯೋ ಬಲ್ಲ ಹೆಂಗಸು. ಕರ್ಣಂಗೇರಿಯ ಜೈಲಿಗೆ ಯಾರೇ ಹೊಸದಾಗಿ ಬಂದರೂ ಮನೆಯಲ್ಲಿ ಎಷ್ಟು ಮಕ್ಕಳು, ಯಾರ ಬಳಿ ಇದ್ದಾರೆ ಎಂದು ಕೇಳಿ ಬರೆದುಕೊಂಡು, ಕೈದಿಯ ಒಪ್ಪಿಗೆ ಪಡೆದು ಆ ಚೀಟಿಯನ್ನು ಮೇಜಿಗೆ ಕಳಿಸುವ ಒಂದು ಸುತ್ತೋಲೆ. ತಾಯಿಯೇ ಕೊಯ್ಲಿಗೆ ಹೋಗಬೇಕಾದ ಕಡೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯಲ್ಲಿ ಆ ಮಗುವಿಗೂ ಜಾಗ. ಕೈದಿಗಳೇ ಕಡಿಮೆ ಇರುವ ಸಣ್ಣ ಜಿಲ್ಲೆಗೆ ಇದೆಲ್ಲ ಏಕೆ ಎಂದರೆ, ಸಣ್ಣದಾಗಿರುವುದರಿಂದಲೇ ಇಲ್ಲಿ ಪ್ರತಿ ಮನೆಯನ್ನೂ ತಲುಪಬಹುದು. ಬೆಂಗಳೂರಿನಲ್ಲಿ ಇದು ಅಷ್ಟು ಸುಲಭವಲ್ಲ.

ಸುತ್ತೋಲೆ ಬರುವವರೆಗೂ ಪಂಚಾಯಿತಿ ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು ಮಾಡಬಹುದಾದ ಒಂದು ಕೆಲಸವಿದೆ. ತರಗತಿಗೆ ಬರುವುದು ಇದ್ದಕ್ಕಿದ್ದಂತೆ ನಿಲ್ಲಿಸಿದ ಮಗುವಿನ ಮನೆಗೆ, ಯಾರ ಮುಂದೆಯೂ ಕಾರಣ ಕೇಳದೆ, ಒಮ್ಮೆ ಹೋಗಿ ಬನ್ನಿ. ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಎರಡಕ್ಕೂ ಕರೆ ಉಚಿತ.